ಹತ್ತಿ ಹೂವಿನಿಂದ ಹಾಜರಿ ಪುಸ್ತಕಕ್ಕೆ

ಹಾವೇರಿ ಜಿಲ್ಲೆಯ ಸವಣೂರು ಎಂದರೆ ವೀಳ್ಯದೆಲೆ, ದೊಡ್ಡಹುಣಸೆ ಮರ. ಈ ಸೀಮೆಯ ಹೊಲಗಳಲ್ಲಿ ಇನ್ನೊಂದು ಕಥೆಯೂ ಇದೆ.

ಈ ಜಿಲ್ಲೆ ಬೀಜೋತ್ಪಾದನೆಗೆ ಹೆಸರುವಾಸಿ. ಹೈಬ್ರಿಡ್ ಹತ್ತಿ ಬೀಜ ಮಾಡುವುದು ಬೆರಳ ತುದಿಯ ಕೆಲಸ. ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಸವರಬೇಕು. ಒಂದೊಂದು ಹೂವಿಗೂ ಹೀಗೇ. ಕರ್ನಾಟಕ, ಆಂಧ್ರದ ಬೀಜದ ಹೊಲಗಳಲ್ಲಿ ಈ ಕೆಲಸಕ್ಕೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಹಚ್ಚಿದ್ದು ದಾಖಲಾಗಿದೆ. ಹೂ ಬಿಡುವ ತಿಂಗಳುಗಳೇ ಶಾಲೆಯ ತಿಂಗಳುಗಳು.

ಹಾಗೆ ಶಾಲೆ ಬಿಟ್ಟ ಹುಡುಗಿ ಮರಳುವುದೆಲ್ಲಿಗೆ?

2004ರಲ್ಲಿ ಕೇಂದ್ರ ಸರ್ಕಾರ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ತಂದಿತು. ಊಟ, ವಸತಿ, ಪಾಠ ಎಲ್ಲವೂ ಒಂದೇ ಕಡೆ. ಕನಿಷ್ಠ ಶೇ. 75 ಸೀಟು ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಸಮುದಾಯದ ಹುಡುಗಿಯರಿಗೆ. ಉಳಿದವು ಬಡತನ ರೇಖೆಗಿಂತ ಕೆಳಗಿನ ಮನೆಗಳವರಿಗೆ.

ಇಂಥ ವಸತಿ ಶಾಲೆಗೆ ಕಾಲಿಟ್ಟವರ ಕಣ್ಣು ನಿಲ್ಲುವುದು ಗೋಡೆಗುಂಟ ಇಟ್ಟ ಟ್ರಂಕುಗಳ ಮೇಲೆ. ಒಂದೊಂದಕ್ಕೂ ಒಂದು ಹೆಸರು, ಒಂದು ಬೀಗ. ಕೂಲಿ ಮನೆಯ ಹುಡುಗಿಗೆ ಬಹುಶಃ ಅದು ತನ್ನದೆನ್ನುವ ಮೊದಲ ಜಾಗ.

ಕಲಿಕೆ ತಪ್ಪಿತೆಂದು ಹಿಂಜರಿಯಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ವಿಶೇಷ ತರಬೇತಿ ಕೊಡಬೇಕು. ಇನ್ನು ಆಸರೆಯೇ ಇಲ್ಲದ ಮಗು ಸಿಕ್ಕರೆ, ಮಕ್ಕಳ ರಕ್ಷಣೆಯ ಕಾನೂನಿನಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಶಾಲೆಯ ಹೊತ್ತಿನಲ್ಲಿ ಹೊಲದಲ್ಲೋ ಹೋಟೆಲಿನಲ್ಲೋ ದುಡಿಯುವ ಮಗು ಕಂಡರೆ ಸುಮ್ಮನೆ ಮುಂದೆ ಹೋಗಬೇಡಿ. 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಕರೆ ಉಚಿತ.