ಹಿಮದ ಹಾದಿಯ ಒಡಂಬಡಿಕೆ

ನಾರ್ವೆಯ ಬೆಟ್ಟಗಳಲ್ಲಿ, ಊರುಗಳಿಂದ ಬಹುದೂರ, ಒಂಟಿ ಮರದ ಮನೆಗಳಿವೆ. ಕಾವಲುಗಾರರಿಲ್ಲ, ಅಡುಗೆಯವರಿಲ್ಲ. ದಿನವಿಡೀ ಸ್ಕೀ ಕಟ್ಟಿಕೊಂಡು ಹಿಮದಲ್ಲಿ ಸಾಗಿಬಂದ ಗೆಳೆಯರ ಗುಂಪು ತನ್ನ ಬಳಿಯಿರುವ ಕೀಲಿಕೈಯಿಂದ ಬಾಗಿಲು ತೆರೆಯುತ್ತದೆ. ಒಬ್ಬರು ಒಲೆ ಹೊತ್ತಿಸುತ್ತಾರೆ, ಇನ್ನೊಬ್ಬರು ಪಾತ್ರೆಗೆ ಹಿಮ ತುಂಬಿ ಕರಗಿಸಲು ಇಡುತ್ತಾರೆ, ಮತ್ತೊಬ್ಬರು ಕಪಾಟಿನಲ್ಲಿರುವ ಓಟ್ಸ್, ಡಬ್ಬಿ ಆಹಾರ, ಕಾಫಿಪುಡಿ ತೆಗೆದು ಅಡುಗೆಗೆ ತೊಡಗುತ್ತಾರೆ. ಮರುದಿನ ಹೊರಡುವ ಮುನ್ನ ನೆಲ ಗುಡಿಸಿ, ಮುಂದೆ ಬರುವವರಿಗೆಂದು ಸೌದೆ ಸೀಳಿಟ್ಟು, ತಂಗಿದ್ದಕ್ಕೂ ತಿಂದದ್ದಕ್ಕೂ ತಾವೇ ಲೆಕ್ಕ ಹಾಕಿ ಹಣ ಸಲ್ಲಿಸುತ್ತಾರೆ. ಇದನ್ನೆಲ್ಲ ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ನಾರ್ವೆಯ ಟ್ರೆಕ್ಕಿಂಗ್ ಅಸೋಸಿಯೇಷನ್ ಬಳಿ ಇಂದು 500ಕ್ಕೂ ಹೆಚ್ಚು ತಂಗುಮನೆಗಳಿವೆ. ಬಹುಪಾಲು ಮನೆಗಳು ನಡೆಯುವುದು ಹೀಗೆ, ಬರುವವರ ಮೇಲಿನ ನಂಬಿಕೆಯಿಂದ. ಉತ್ತರದಲ್ಲಿ ಸೂರ್ಯನೇ ಮೂಡದ, ಗಾಳಿ ಚರ್ಮ ಸುಡುವಷ್ಟು ಕೊರೆಯುವ ಚಳಿಗಾಲವನ್ನು ಒಂದು ನಾಡು ಗೆಳೆಯರೊಡನೆ ಕಳೆಯುವ ಹಬ್ಬದ ಕಾಲವಾಗಿ ಮಾಡಿಕೊಂಡದ್ದು ಹೇಗೆ? ಅದಕ್ಕೆ ನೂರೈವತ್ತು ವರ್ಷಗಳ ದುಡಿಮೆ ಹಿಡಿದಿದೆ.

1868ರ ಎರಡು ಘಟನೆಗಳು

ಸ್ಕೀ ಮೊದಲು ಆಟದ ವಸ್ತುವಾಗಿರಲಿಲ್ಲ. ನಾರ್ಡ್‌ಲ್ಯಾಂಡ್ ಪ್ರಾಂತ್ಯದ ರೋಡೊಯ್ ದ್ವೀಪದ ಬಂಡೆಯ ಮೇಲೆ ಸ್ಕೀ ಮೇಲೆ ನಿಂತ ಮನುಷ್ಯನ ಕೆತ್ತನೆಯಿದೆ. ಸಾವಿರಾರು ವರ್ಷ ಹಳೆಯದಾದ ಆ ಚಿತ್ರವೇ 1994ರ ಲಿಲ್ಲೆಹಾಮರ್ ಚಳಿಗಾಲದ ಒಲಿಂಪಿಕ್ಸ್‌ನ ಸಂಕೇತಚಿತ್ರಗಳಿಗೆ ಸ್ಫೂರ್ತಿಯಾಯಿತು. ಬೇಟೆಯಾಡಲು, ಹಿಮಸಾರಂಗಗಳ ಹಿಂದೆ ಅಲೆಯಲು, ನೆರೆಯ ಊರಿಗೆ ಹೋಗಿಬರಲು ಸ್ಕೀ ಬೇಕಿತ್ತು. ಉತ್ತರದ ಮೂಲನಿವಾಸಿಗಳಾದ ಸಾಮಿ ಜನರಿಗೆ ಅದು ಬದುಕೇ ಆಗಿತ್ತು.

ಆಟವಾಗಿ ಅದು ಬೆಳೆದ ಕಥೆಯಲ್ಲಿ 1868 ಮುಖ್ಯ ವರ್ಷ. ಟೆಲೆಮಾರ್ಕ್ ಸೀಮೆಯ ಮಾರ್ಗೆದಾಲ್ ಎಂಬ ಹಳ್ಳಿಯ ಬಡ ಗೇಣಿದಾರ ಸೊಂದ್ರೆ ನೂರ್‌ಹೈಮ್ ಆಗ ಕ್ರಿಸ್ಟಿಯಾನಿಯಾ ಎಂದು ಕರೆಸಿಕೊಳ್ಳುತ್ತಿದ್ದ ಓಸ್ಲೊಗೆ ಬಂದು ಸ್ಪರ್ಧೆಯಲ್ಲಿ ಗೆದ್ದ. ವಯಸ್ಸು 42. ಹಳೆಯ ಸ್ಕೀಗಳಲ್ಲಿ ಪಾದದ ತುದಿಯನ್ನಷ್ಟೇ ಪಟ್ಟಿಗೆ ತೂರಿಸುವುದು ವಾಡಿಕೆ. ಹಾರಿದರೆ ಸ್ಕೀ ಕಳಚಿ ಬೀಳುತ್ತಿತ್ತು. ನೂರ್‌ಹೈಮ್ ವಿಲ್ಲೋ ಮರದ ಎಳೆಗಡ್ಡಿಗಳನ್ನು ಹೆಣೆದು ಹಿಮ್ಮಡಿಯ ಸುತ್ತ ಬಿಗಿದ. ಪಾದ ಕದಲದೆ ನಿಂತಿತು, ಹಿಮ್ಮಡಿ ಮಾತ್ರ ಸಲೀಸಾಗಿ ಮೇಲೇಳುತ್ತಿತ್ತು. ಹಾರಿ ಇಳಿಯುವುದು, ಇಳಿಜಾರಿನಲ್ಲಿ ಬಾಗಿ ತಿರುಗುವುದು ಇದರಿಂದ ಸಾಧ್ಯವಾಯಿತು. ಬಡತನ ಅವನನ್ನು 1884ರಲ್ಲಿ ಅಮೆರಿಕಕ್ಕೆ ಕಳಿಸಿತು. ಅಲ್ಲಿನ ನಾರ್ತ್ ಡಕೋಟಾದಲ್ಲಿ 1897ರಲ್ಲಿ ತೀರಿಕೊಂಡ.

ಅದೇ 1868ರ ಜನವರಿಯಲ್ಲಿ, ಅದೇ ನಗರದಲ್ಲಿ, ಬ್ಯಾಂಕ್ ಉದ್ಯಮಿ ಥಾಮಸ್ ಹೆಫ್ಟಿ ಮತ್ತು ಸಂಗಡಿಗರು ಟ್ರೆಕ್ಕಿಂಗ್ ಅಸೋಸಿಯೇಷನ್ ಕಟ್ಟಿದರು. ನಾಡಿನ ಚೆಲುವನ್ನು ಜನ ಸುಲಭವಾಗಿ, ಕಡಿಮೆ ಖರ್ಚಿನಲ್ಲಿ ನೋಡುವಂತಾಗಬೇಕು ಎಂಬುದು ಅವರ ಆಸೆ. ರ‍್ಯೂಕನ್ ಜಲಪಾತದ ಬಳಿಯ ಕ್ರೋಕನ್ ಎಂಬಲ್ಲಿ ಮೊದಲ ತಂಗುಮನೆ ಬಂತು. ಹಳ್ಳಿಗ ಸಾಧನ ಕೊಟ್ಟ, ನಗರದವರು ಸಂಘಟನೆ ಕೊಟ್ಟರು.

ಆರು ಜನ, ಒಂದು ಹಿಮಖಂಡ

ಜನರ ಕಲ್ಪನೆಯನ್ನು ಕೆರಳಿಸಿದವನು ಸಾಹಸಯಾನಿ ಫ್ರಿಟ್ಯೋಫ್ ನಾನ್ಸೆನ್. 1888ರಲ್ಲಿ ಅವನ ತಂಡ ಗ್ರೀನ್‌ಲ್ಯಾಂಡ್‌ನ ಹಿಮಹಾಸನ್ನು ಪೂರ್ವದಿಂದ ಪಶ್ಚಿಮಕ್ಕೆ ಸ್ಕೀ ಮೇಲೆ ದಾಟಿತು. ಜನವಸತಿ ತೀರ ವಿರಳವಾದ ಪೂರ್ವ ದಂಡೆಯಿಂದಲೇ ಹೊರಟದ್ದು ಬೇಕೆಂದೇ: ಹಿಂದಿರುಗಿದರೆ ಆಸರೆಯೇ ಇಲ್ಲ, ಮುಂದೆ ಹೋಗದೆ ವಿಧಿಯಿಲ್ಲ. 1890ರಲ್ಲಿ ಅವನು ಬರೆದ ಪ್ರವಾಸಕಥನ ಸ್ಕೀಯನ್ನು ನಾರ್ವೆಯ ಆಚೆಗೂ ಪರಿಚಯಿಸಿತು.

ಆ ತಂಡದಲ್ಲಿದ್ದವರು ಆರು ಜನ. ಅವರಲ್ಲಿ ಇಬ್ಬರು, ಸಾಮುಯೆಲ್ ಬಾಲ್ಟೊ ಮತ್ತು ಊಲೆ ರಾವ್ನಾ, ಫಿನ್‌ಮಾರ್ಕ್‌ನ ಕಾರಾಶೋಕ್ ಕಡೆಯ ಸಾಮಿಗಳು. ಹಿಮಸಾರಂಗದ ತುಪ್ಪಳದ ಪಾದರಕ್ಷೆಯೊಳಗೆ ಒಣಹುಲ್ಲು ತುಂಬಿ ಕಾಲನ್ನು ಬೆಚ್ಚಗಿಡುವ ವಿದ್ಯೆ ಸಾಮಿಗಳದ್ದು. ಧ್ರುವಯಾನಿಗಳು ಬಹುಕಾಲ ನೆಚ್ಚಿದ್ದು ಅದನ್ನೇ. ಪುತ್ಥಳಿಗಳು ನಾಯಕರಿಗೆ ಏಳುತ್ತವೆ. ಆದರೆ ಉತ್ತರದ ಚಳಿಗಾಲದಲ್ಲಿ ಒಬ್ಬಂಟಿ ಸಾಹಸ ಎಂಬುದು ಅಪರೂಪ. ಪ್ರತಿ ಪಯಣದ ಹಿಂದೆ ಇನ್ನೊಬ್ಬರ ಅನುಭವವಿರುತ್ತದೆ.

ರೈಲು, ರಜೆ, ಕಾನೂನು

ಆಗಿನ್ನೂ ಬೆಟ್ಟ ಹತ್ತುವುದು ಉಳ್ಳವರ, ಓದಿದವರ ಹವ್ಯಾಸ. ಅದನ್ನು ಎಲ್ಲರದ್ದಾಗಿಸಿದ್ದು ಮೂರು ಬದಲಾವಣೆಗಳು.

ಮೊದಲನೆಯದು ರೈಲು. 1909ರಲ್ಲಿ ತೆರೆದ ಬರ್ಗೆನ್ ಮಾರ್ಗ ಓಸ್ಲೊ ಮತ್ತು ಬರ್ಗೆನ್ ನಗರಗಳನ್ನು ಪರ್ವತಗಳ ಮೇಲಿಂದ ಜೋಡಿಸಿತು. ಅದರ ಅತ್ಯುನ್ನತ ನಿಲ್ದಾಣ ಫಿನ್ಸೆ, 1222 ಮೀಟರ್ ಎತ್ತರದಲ್ಲಿದೆ. ದಕ್ಷಿಣ ಧ್ರುವದ ಪಯಣಕ್ಕೆ ಮುನ್ನ 1914ರಲ್ಲಿ ಧ್ರುವಯಾನಿ ಅರ್ನೆಸ್ಟ್ ಶಾಕಲ್ಟನ್ ತನ್ನ ಸಲಕರಣೆಗಳನ್ನು ಪರೀಕ್ಷಿಸಿದ್ದು ಇಲ್ಲಿಯೇ. ಅಂಥ ಜಾಗಕ್ಕೆ ನಗರದವರು ಬೆಳಿಗ್ಗೆ ಹೊರಟು ಅದೇ ದಿನ ತಲುಪುವಂತಾಯಿತು.

ಎರಡನೆಯದು ಬಿಡುವು. ಎಂಟು ಗಂಟೆಯ ದುಡಿಮೆ, ಅನಂತರ 1947ರ ಕಾಯ್ದೆ ಕೊಟ್ಟ ಮೂರು ವಾರಗಳ ವೇತನಸಹಿತ ರಜೆ ಕಾರ್ಮಿಕರ ಕೈಗೂ ಸಮಯವಿತ್ತವು. ಈಸ್ಟರ್ ರಜೆಯ ಹೊತ್ತಿಗೆ ಹಗಲು ಉದ್ದವಾಗಿರುತ್ತದೆ, ಬೆಟ್ಟದಲ್ಲಿ ಹಿಮ ಇನ್ನೂ ದಟ್ಟವಾಗಿರುತ್ತದೆ. ಕುಟುಂಬಗಳೂ ಗೆಳೆಯರೂ ಸ್ಕೀ ಹೊತ್ತು ಬೆಟ್ಟಕ್ಕೆ ಹೋಗುವುದು ನಾರ್ವೆಯ ಈಸ್ಟರ್‌ನ ಪದ್ಧತಿಯೇ ಆಯಿತು. ಚೀಲದಲ್ಲಿ ಕಿತ್ತಳೆ, ಜೊತೆಗೆ 1937ರಲ್ಲಿ ಮಾರುಕಟ್ಟೆಗೆ ಬಂದ ‘ಕ್ವಿಕ್ ಲುನ್ಶ್’ ಚಾಕೊಲೇಟ್.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, 1957ರ ಹೊರಾಂಗಣ ವಿಹಾರ ಕಾಯ್ದೆ. ಕಾಡು, ಬೆಟ್ಟ, ಬಯಲು ಯಾರ ಒಡೆತನದಲ್ಲಿದ್ದರೂ ಅಲ್ಲಿ ನಡೆಯುವ, ಸ್ಕೀ ಮಾಡುವ ಹಕ್ಕು ಎಲ್ಲರಿಗೂ ಉಂಟು ಎಂದು ಅದು ಸಾರಿತು. ಬಿತ್ತಿದ ಹೊಲಕ್ಕೆ ಕಾಲಿಡುವಂತಿಲ್ಲ. ಆದರೆ ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ, ನೆಲ ಹೆಪ್ಪುಗಟ್ಟಿದ್ದರೆ ಅಥವಾ ಹಿಮ ಹೊದ್ದಿದ್ದರೆ, ಹೊಲವನ್ನೂ ದಾಟಬಹುದು. ಮನೆಯಂಗಳ ಬಿಡಬೇಕು, ಗುಡಾರ ಹಾಕುವವರು ವಾಸದ ಮನೆಯಿಂದ 150 ಮೀಟರ್ ದೂರವಿರಬೇಕು. ಬೇಲಿಗಳು ಮುಚ್ಚಿಹೋಗುವ ಕಾಲದಲ್ಲಿ ಕಾನೂನೂ ತನ್ನ ಬೇಲಿಯನ್ನು ಸಡಿಲಿಸುತ್ತದೆ. ಹಳೆಯ ರೂಢಿಯೊಂದನ್ನು ಹೀಗೆ ಬರಹಕ್ಕಿಳಿಸಿದ್ದರಿಂದ ಬಡವನ ಸ್ಕೀಗೂ ಸಿರಿವಂತನ ಸ್ಕೀಗೂ ಒಂದೇ ಹಾದಿ ಸಿಕ್ಕಿತು.

ಸಾವು ಕಲಿಸಿದ ಪಾಠ

ಜನ ಹೆಚ್ಚಿದಂತೆ ಅವಘಡಗಳೂ ಹೆಚ್ಚಿದವು. ಟ್ರೆಕ್ಕಿಂಗ್ ಅಸೋಸಿಯೇಷನ್ ಮತ್ತು ರೆಡ್ ಕ್ರಾಸ್ 1950ರ ದಶಕದಲ್ಲೇ ‘ಬೆಟ್ಟದ ವಿವೇಕ’ದ ನಿಯಮಗಳನ್ನು ಪ್ರಚಾರ ಮಾಡತೊಡಗಿದ್ದವು. 1967ರ ಈಸ್ಟರ್‌ನಲ್ಲಿ 18 ಜನ ಜೀವ ಕಳೆದುಕೊಂಡಾಗ ನಾಡು ಬೆಚ್ಚಿತು. ನಿಯಮಗಳನ್ನು ಮನೆಮನೆಗೆ ಮುಟ್ಟಿಸುವ ಆಂದೋಲನ ಶುರುವಾಯಿತು. ಕ್ವಿಕ್ ಲುನ್ಶ್ ಹೊದಿಕೆಯ ಒಳಬದಿಯಲ್ಲೂ ಅವನ್ನು ಅಚ್ಚುಹಾಕಿದರು.

ನಿಯಮಗಳು ಒಂಬತ್ತು. ಹೋಗುವ ದಾರಿಯನ್ನು ಯಾರಿಗಾದರೂ ಹೇಳಿ ಹೊರಡಿ. ನಕ್ಷೆ, ದಿಕ್ಸೂಚಿ ಬಳಸಿ. ಸಣ್ಣ ಪಯಣಕ್ಕೂ ಬಿರುಗಾಳಿಗೆ ಸಿದ್ಧರಾಗಿರಿ. ಬೆಟ್ಟಕ್ಕೆ ಬೇಕಾದ ಸಲಕರಣೆ ಒಯ್ಯಿರಿ. ಇವುಗಳಲ್ಲಿ ನಾರ್ವೆಯ ಮಕ್ಕಳಿಗೂ ಬಾಯಿಪಾಠವಾಗಿರುವುದು ಎಂಟನೆಯದು: ಸಕಾಲದಲ್ಲಿ ಹಿಂದಿರುಗಿ, ಹಿಂದಿರುಗುವುದರಲ್ಲಿ ಅವಮಾನವಿಲ್ಲ. ಹಿಂದಿರುಗುವ ದಾರಿಯನ್ನೇ ಬಿಟ್ಟುಕೊಟ್ಟು ಹೊರಟ ನಾನ್ಸೆನ್‌ನನ್ನು ಆರಾಧಿಸಿದ ನಾಡು, ಎಂಟು ದಶಕ ಕಳೆಯುವುದರೊಳಗೆ ಈ ಮಾತಿಗೆ ಬಂದು ನಿಂತಿತು. ಅದು ಧೈರ್ಯ ಕುಂದಿದ್ದರ ಗುರುತಲ್ಲ. ಚಳಿಗಾಲದ ಬೆಟ್ಟ ವೀರರಿಗೆ ಮೀಸಲಾಗಿದ್ದಾಗ ಆ ಮಾತು ಬೇಕಿರಲಿಲ್ಲ. ಮಕ್ಕಳು, ಮುದುಕರು, ಹೊಸಬರು ಎಲ್ಲರೂ ಬರತೊಡಗಿದಾಗ ಬೇಕಾಯಿತು.

ಕತ್ತಲ ನಾಡಿನಲ್ಲಿ ಇಂದು

69 ಡಿಗ್ರಿ ಉತ್ತರ ಅಕ್ಷಾಂಶದ ಟ್ರೋಮ್ಸೊ ನಗರದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಬರುವುದಿಲ್ಲ. ಆಗಲೂ ಜನ ಮನೆಯೊಳಗೆ ಕೂರುವುದಿಲ್ಲ. ದೀಪದ ಕಂಬಗಳ ಸಾಲಿರುವ ಸ್ಕೀ ಹಾದಿಗಳಲ್ಲಿ ಕೆಲಸ ಮುಗಿಸಿದವರು ಗೆಳೆಯರೊಡನೆ ಸಾಗುತ್ತಾರೆ. ಆಕಾಶ ತಿಳಿಯಾಗಿದ್ದರೆ ತಲೆಯ ಮೇಲೆ ಹಸಿರು ಧ್ರುವಪ್ರಭೆ. ಸೂರ್ಯ ಮರಳಿ ಬಂದ ಮೇಲೆ ಲಿಂಗೆನ್ ಪರ್ವತಸಾಲಿನತ್ತ ಹೊರಡುವವರ ಸಂಖ್ಯೆ ಏರುತ್ತದೆ. ಸಮುದ್ರದಂಚಿನಿಂದಲೇ ಮೇಲೇಳುವ ಆ ಶಿಖರಗಳ ಕಡಿದಾದ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯ ದೊಡ್ಡದು.

ಅದಕ್ಕೂ ನಾರ್ವೆ ಕಂಡುಕೊಂಡ ದಾರಿ ಹಳೆಯದರ ಮುಂದುವರಿಕೆಯೇ. 2013ರಿಂದ ಸರ್ಕಾರ ಚಳಿಗಾಲದಲ್ಲಿ ಪ್ರತಿದಿನ ಹಿಮಕುಸಿತದ ಮುನ್ಸೂಚನೆ ನೀಡುತ್ತಿದೆ. ತರಬೇತಿ ಪಡೆದ ವೀಕ್ಷಕರ ಜೊತೆಗೆ ಸಾಮಾನ್ಯ ಚಾರಣಿಗರೂ ತಾವು ಕಂಡ ಹಿಮದ ಸ್ಥಿತಿಯನ್ನು ದಾಖಲಿಸಬಹುದು. ಹಿಮ ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಜಾರಿದೆ ಎಂದು ಇಂದು ಹೋದವರು ಬರೆದದ್ದು ನಾಳೆ ಹೊರಡುವವರಿಗೆ ನೆರವಾಗುತ್ತದೆ. 2016ರಲ್ಲಿ ಬೆಟ್ಟದ ನಿಯಮಗಳನ್ನು ಪರಿಷ್ಕರಿಸಿದಾಗ ಹಿಮಕುಸಿತದ ಎಚ್ಚರವೂ ಅವುಗಳೊಳಗೆ ಸೇರಿತು.

ಉತ್ತರದ ಚಳಿಗಾಲ ತಾನಾಗಿ ಯಾರಿಗೂ ಸುಖ ಕೊಡುವುದಿಲ್ಲ. ಗುರುತು ಪರಿಚಯವಿಲ್ಲದವರು ಒಬ್ಬರಿಗೊಬ್ಬರು ಮಾಡಿಟ್ಟ ಏರ್ಪಾಡುಗಳಿಂದ ಅದು ಸುಖವಾಗುತ್ತದೆ. ಈಸ್ಟರ್‌ಗೆ ಮುನ್ನ ಸ್ವಯಂಸೇವಕರು ಚಳಿಗಾಲದ ಹಾದಿಗಳುದ್ದಕ್ಕೂ ಗುರುತಿನ ಕಡ್ಡಿಗಳನ್ನು ನೆಡುತ್ತಾರೆ. ಮಂಜು ಕವಿದಾಗ ಒಂದು ಕಡ್ಡಿಯಿಂದ ಇನ್ನೊಂದನ್ನು ಅರಸುತ್ತ ಗುಂಪು ಮನೆ ಸೇರುತ್ತದೆ. ಆ ಗುಂಪಿನಲ್ಲಿ ದಣಿದವರೊಬ್ಬರು ‘ಇಲ್ಲಿಂದ ವಾಪಸು ಹೋಗೋಣ’ ಎಂದಾಗ ಉಳಿದವರು ಮರುಮಾತಿಲ್ಲದೆ ಸ್ಕೀ ತಿರುಗಿಸಿದರೆ, ನೂರೈವತ್ತು ವರ್ಷಗಳ ಆ ದುಡಿಮೆ ಸಾರ್ಥಕವಾದಂತೆ.