ಮನೆಯ ಬೆಳ್ಳಿತೆರೆ: ಎಷ್ಟು ಅಗಲ, ಎಷ್ಟು ಬೆಳಕು?

ಹೋದ ದೀಪಾವಳಿಯ ಮಧ್ಯಾಹ್ನ ನಮ್ಮ ಮನೆಯಲ್ಲಿ ಸಣ್ಣದೊಂದು ಸಂಭ್ರಮವಿತ್ತು. ಬಹುದಿನ ಹಣ ಕೂಡಿಸಿ ಕೊಂಡು ತಂದ ಪ್ರೊಜೆಕ್ಟರು ಹಜಾರದ ಹಿಂಗೋಡೆಯನ್ನೇರಿ ಕುಳಿತಿತ್ತು. ಎದುರಿಗೆ ೧೫೦ ಅಂಗುಲದ ಬಿಳಿಯ ತೆರೆ. “ಕೊಳ್ಳುವುದೇ ಆದರೆ ದೊಡ್ಡದನ್ನೇ ಕೊಳ್ಳಿ ಸ್ವಾಮಿ, ಆಮೇಲೆ ಹಿಗ್ಗಿಸುವುದಕ್ಕಾಗುವುದಿಲ್ಲ” ಎಂದಿದ್ದರು ಅಂಗಡಿಯವರು. ಆ ಮಾತು ನನಗೂ ಹಿತವಾಗಿಯೇ ಕೇಳಿಸಿತ್ತು. ಹಬ್ಬದೂಟ ಮುಗಿದ ಮೇಲೆ ಹಿರಿಯರನ್ನು ಸೋಫಾದ ಮೇಲೂ ಮಕ್ಕಳನ್ನು ಜಮಖಾನದ ಮೇಲೂ ಕೂರಿಸಿ, ಹಳೆಯ ಕನ್ನಡ ಚಿತ್ರವೊಂದನ್ನು ಹಾಕಿದೆ.

ಐದು ನಿಮಿಷ ಕಳೆದಿರಬಹುದು. ನಮ್ಮ ತಾಯಿಯವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ಕಡೆಗೆ ಮೆಲ್ಲನೆ, “ಚಿತ್ರವೇನೋ ಭಾರಿಯಾಗಿದೆ ಕಣಪ್ಪ. ಆದರೆ ಎಲ್ಲಾ ಮಂಜು ಮಂಜು. ನನ್ನ ಕಣ್ಣಿಗೆ ಮತ್ತೆ ಪೊರೆ ಬಂತೋ ಏನೋ” ಎಂದರು. ಅವರ ಎರಡು ಕಣ್ಣಿಗೂ ಶಸ್ತ್ರಚಿಕಿತ್ಸೆಯಾಗಿ ಆಗ ವರ್ಷವೂ ತುಂಬಿರಲಿಲ್ಲ. ಆ ರಾತ್ರಿ ಅವರು ಸರಿಯಾಗಿ ನಿದ್ರೆ ಮಾಡಲಿಲ್ಲವೆಂಬುದು ನನಗೆ ಬೆಳಿಗ್ಗೆ ತಿಳಿಯಿತು. ವೈದ್ಯರು ಪರೀಕ್ಷಿಸಿ, ಕಣ್ಣು ನಿರ್ಮಲವಾಗಿದೆ ಎಂದರು. ಮಂಜು ಇದ್ದುದು ನನ್ನ ಲೆಕ್ಕದಲ್ಲಿ.

ಆ ಲೆಕ್ಕವನ್ನು ಕೊಳ್ಳುವುದಕ್ಕೆ ಮುಂಚೆಯೇ ಮಾಡಿದ್ದರೆ ಒಳ್ಳೆಯದಿತ್ತು. ಅದೇನೂ ಕಠಿಣವಾದುದಲ್ಲ. ಲ್ಯೂಮೆನ್ ಎಂಬುದು ಯಂತ್ರದಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ತೆರೆ ಎಷ್ಟೇ ದೊಡ್ಡದಾಗಲಿ, ಆ ಬೆಳಕು ಅಷ್ಟೇ. ಒಂದೇ ಸೌಟು ಹಿಟ್ಟನ್ನು ದೊಡ್ಡ ಕಾವಲಿಯ ಮೇಲೆ ಹರಡಿದರೆ ದೋಸೆ ತೆಳ್ಳಗಾಗುವಂತೆ, ದೊಡ್ಡ ತೆರೆಯ ಮೇಲೆ ಬೆಳಕು ತೆಳ್ಳಗಾಗುತ್ತದೆ. ತೆರೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಹೇಳುವುದು ರೂಢಿಯಾದ್ದರಿಂದ ಇಲ್ಲಿ ಮೋಸಹೋಗುವುದು ಸುಲಭ. ೧೦೦ ಅಂಗುಲಕ್ಕಿಂತ ೧೫೦ ಅಂಗುಲ ಒಂದೂವರೆಯಷ್ಟು ಮಾತ್ರ ದೊಡ್ಡದೆಂದು ತೋರುತ್ತದೆ. ಆದರೆ ಈಗ ವಾಡಿಕೆಯಲ್ಲಿರುವ ೧೬ಕ್ಕೆ ೯ರ ಆಕಾರದಲ್ಲಿ ಮೊದಲನೆಯದರ ವಿಸ್ತೀರ್ಣ ಸುಮಾರು ೩೦ ಚದರಡಿ, ಎರಡನೆಯದರದು ೬೭. ಎರಡೂಕಾಲು ಪಟ್ಟು!

ತೆರೆಯ ಮೇಲಿನ ಪ್ರಕಾಶವನ್ನು ಅಳೆಯಲು ಚಿತ್ರಮಂದಿರದವರು ಫುಟ್-ಲ್ಯಾಂಬರ್ಟ್ ಎಂಬ ಮಾನವನ್ನು ಬಳಸುತ್ತಾರೆ. ಸಾಧಾರಣ ಬಿಳಿಯ ತೆರೆಯಾದರೆ, ಲ್ಯೂಮೆನ್ ಸಂಖ್ಯೆಯನ್ನು ಚದರಡಿಗಳಿಂದ ಭಾಗಿಸಿದರೆ ಅದು ದೊರೆಯುತ್ತದೆ. ಕತ್ತಲ ಚಿತ್ರಮಂದಿರದಲ್ಲಿ ಹಳೆಯ ಫಿಲಂ ಸುರುಳಿಯ ಕಾಲಕ್ಕೆ ೧೬, ಡಿಜಿಟಲ್ ಪ್ರದರ್ಶನಕ್ಕೆ ೧೪ ಎಂಬುದು ಒಪ್ಪಿತವಾದ ಮಟ್ಟ. ನನ್ನ ಯಂತ್ರದ ಪೆಟ್ಟಿಗೆಯ ಮೇಲೆ ೧೫೦೦ ಲ್ಯೂಮೆನ್ ಎಂದು ಅಚ್ಚಾಗಿತ್ತು. ಆದರೆ ಅದು ಅತಿ ಪ್ರಖರವಾದ ಸ್ಥಿತಿಯ ಲೆಕ್ಕ. ಆ ಸ್ಥಿತಿಯಲ್ಲಿ ನಾಯಕಿಯ ಮುಖಕ್ಕೆ ಹಸುರು ಛಾಯೆ ಬರುತ್ತಿತ್ತು. ಬಣ್ಣಗಳು ಸಹಜವಾಗಿ ಕಾಣುವ ಸಿನಿಮಾ ಸ್ಥಿತಿಯಲ್ಲಿ ಉಳಿಯುವುದು ಸುಮಾರು ೯೦೦ ಎಂದು ಹಿಡಿಯೋಣ. ಅದನ್ನು ೬೭ ಚದರಡಿಗೆ ಹಂಚಿದರೆ ೧೩. ರಾತ್ರಿಯ ಹೊತ್ತು ಇದು ಹೇಗೋ ನಡೆಯುತ್ತದೆ. ದೀಪ ಹಳತಾಗುತ್ತ ಬೆಳಕು ಅರ್ಧಕ್ಕಿಳಿದಾಗ ನಡೆಯದು.

ಇನ್ನು ಮಧ್ಯಾಹ್ನದ ಕಥೆ. ಪ್ರೊಜೆಕ್ಟರು ಬೆಳಕನ್ನು ಎಸೆಯಬಲ್ಲುದೇ ಹೊರತು ಕಪ್ಪನ್ನು ಎಸೆಯಲಾರದು. ತೆರೆಯ ಮೇಲೆ ಕಾಣುವ ಕಪ್ಪು, ಆ ಕೋಣೆಯಲ್ಲಿ ಇರುವಷ್ಟೇ ಕಪ್ಪು. ಕಿಟಕಿಯ ಬೆಳಕು ತೆರೆಯ ಮೇಲೆ ೨೦೦ ಲಕ್ಸ್‌ನಷ್ಟು ಬಿದ್ದರೆ (ಹಗಲಿನಲ್ಲಿ ಇದೇನೂ ಹೆಚ್ಚಲ್ಲ), ಯಂತ್ರವನ್ನು ಹಚ್ಚದಿರುವಾಗಲೇ ತೆರೆ ೧೮ ಫುಟ್-ಲ್ಯಾಂಬರ್ಟಿಗಿಂತ ಹೆಚ್ಚು ಬೆಳಗುತ್ತಿರುತ್ತದೆ. ಅದರ ಮೇಲೆ ನಾನು ೧೩ನ್ನು ಚೆಲ್ಲಿದ್ದೆ! ನಾಯಕನ ಬಿಳಿಯ ಪಂಚೆ ಅವನ ಕರಿಯ ಕೋಟಿಗಿಂತ ಎರಡರಷ್ಟೂ ಬೆಳ್ಳಗಿರಲಿಲ್ಲ. ಇದನ್ನು ಪೊರೆಯೆಂದು ಭ್ರಮಿಸಿದ ನಮ್ಮ ತಾಯಿಯವರದೇನು ತಪ್ಪು? ಹಿಂದೆ ನಮ್ಮ ಊರುಗಳಿಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನವರು ಲಕ್ಸ್ ಅಳೆದವರಲ್ಲ. ಆದರೂ ಹೊತ್ತು ಮುಳುಗದೆ ಆಟ ಶುರುಮಾಡುತ್ತಿರಲಿಲ್ಲ.

ಹಾಗಾದರೆ ಇನ್ನೂ ಪ್ರಖರವಾದ ಯಂತ್ರವನ್ನು ಕೊಳ್ಳಬಹುದಲ್ಲ ಎಂದು ಕೇಳುವವರುಂಟು. ಕೊಳ್ಳಬಹುದು. ಆದರೆ ಬೆಳಕು ಇಮ್ಮಡಿಯಾದರೆ ಕಣ್ಣಿಗೆ ಅದು ಇಮ್ಮಡಿಯಾಗಿ ಕಾಣುವುದಿಲ್ಲ, ಬೆಲೆ ಮಾತ್ರ ಏರುತ್ತದೆ. ಅದಕ್ಕಿಂತ ಒಂದು ಜೊತೆ ದಪ್ಪ ಪರದೆ ಅಗ್ಗ. ಮೇಲಿನಿಂದ ಬೀಳುವ ಬೆಳಕನ್ನು ತಡೆಯುವ ಬೂದುಬಣ್ಣದ ತೆರೆಗಳೂ ಈಗ ದೊರೆಯುತ್ತವೆ. ಎದುರು ಕಿಟಕಿಯ ಬೆಳಕಿಗೆ ಅವು ಅಷ್ಟಾಗಿ ಪ್ರಯೋಜನವಿಲ್ಲ. ಬಿಳಿಗೋಡೆಗಳು ಚಿತ್ರದ ಬೆಳಕನ್ನೇ ತೆರೆಗೆ ಹಿಂದಿರುಗಿಸಿ ಅದನ್ನು ಮಸುಕುಮಾಡುತ್ತವೆಂಬುದೂ ನಿಜ. ಆದರೆ ಹಜಾರಕ್ಕೆ ಕರಿಯ ಬಣ್ಣ ಬಳಿಯಲು ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಹಗಲು ಹೊತ್ತಿನಲ್ಲಿ, ಕಿಟಕಿ ತೆರೆದಿಟ್ಟು, ಕ್ರಿಕೆಟ್ ನೋಡುವುದೇ ಮುಖ್ಯವಾದ ಮನೆಗಳಿಗೆ ಪ್ರೊಜೆಕ್ಟರು ತಕ್ಕುದಲ್ಲವೆಂದೇ ನನ್ನ ಅಭಿಪ್ರಾಯ. ಅಂಥವರು ಒಳ್ಳೆಯ ಟೆಲಿವಿಷನ್ ಕೊಂಡು ಸುಖವಾಗಿರಬಹುದು.

ತೆರೆಯನ್ನು ಆರಿಸಬೇಕಾದುದು ಅಂಗಡಿಯಲ್ಲಲ್ಲ, ಮನೆಯ ಸೋಫಾದ ಮೇಲೆ ಕುಳಿತು. ಗೋಡೆಗೂ ಕಣ್ಣಿಗೂ ಇರುವ ದೂರವನ್ನು ಅಂಗುಲಗಳಲ್ಲಿ ಅಳೆದು, ಅದನ್ನು ೧.೬ರಿಂದ ಭಾಗಿಸಿದರೆ ಸಾಕೆನಿಸುವ ತೆರೆ, ೧.೨ರಿಂದ ಭಾಗಿಸಿದರೆ ಚಿತ್ರಮಂದಿರದ ಮುಂದಿನ ಸಾಲುಗಳ ಅನುಭವ ಕೊಡುವ ತೆರೆ. ನಮ್ಮಲ್ಲಿ ಈ ದೂರ ೧೨ ಅಡಿ, ಅಂದರೆ ೧೪೪ ಅಂಗುಲ. ಉತ್ತರ ೯೦ ಮತ್ತು ೧೨೦. ನನ್ನ ೧೫೦ ಈ ಎರಡರ ನಡುವೆ ಎಲ್ಲಿಯೂ ಇರಲಿಲ್ಲ! ಜಮಖಾನದ ಮೇಲಿದ್ದ ಮಕ್ಕಳಂತೂ ಅತ್ತಿತ್ತ ಕತ್ತು ತಿರುಗಿಸಿ ನೋಡುತ್ತಿದ್ದುದು ಆಮೇಲೆ ನೆನಪಾಯಿತು.

ಕಡೆಗೆ ೧೦೦ ಅಂಗುಲಕ್ಕೆ ಇಳಿದೆ. ಒಂಬೈನೂರನ್ನು ಮೂವತ್ತರಿಂದ ಭಾಗಿಸಿದರೆ ಮೂವತ್ತು. ಮುಂದೆ ದೀಪ ಅರ್ಧಕ್ಕಿಳಿದರೂ ಹದಿನೈದು ಉಳಿದಿರುತ್ತದೆ. ಪ್ರೊಜೆಕ್ಟರಿನ ದೂರವನ್ನೂ ಬದಲಿಸಬೇಕಾಯಿತು. ನನ್ನ ಯಂತ್ರ ಚಿತ್ರದ ಅಗಲದ ಒಂದೂವರೆಯಷ್ಟು ದೂರ ಬೇಡುವಂಥದು. ಆದುದರಿಂದ ಹದಿನಾರು ಅಡಿ ಹಿಂದಿದ್ದುದನ್ನು ಹನ್ನೊಂದು ಅಡಿಗೆ ತಂದು ಚಾವಣಿಗೆ ತೂಗುಹಾಕಿಸಿದೆ. ದೊಡ್ಡ ತೆರೆಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದು ಈಗಲೂ ಅಟ್ಟದ ಮೇಲೆ ಸುರುಳಿ ಸುತ್ತಿ ಮಲಗಿದೆ.

ಮುಂದಿನ ಶನಿವಾರ ರಾತ್ರಿ ಎಂಟು ಗಂಟೆಗೆ ಪರದೆಗಳನ್ನೆಳೆದು ಅದೇ ಚಿತ್ರವನ್ನು ಮೊದಲಿನಿಂದ ಹಾಕಿದೆ. ನಮ್ಮ ತಾಯಿಯವರು ಕನ್ನಡಕಕ್ಕೆ ಕೈಹಚ್ಚಲಿಲ್ಲ. ತೆರೆಯ ಮೇಲೆ ಬಂದ ಹೆಸರುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದಿದರು. ಪ್ರಸಾಧನದ ಸಹಾಯಕರನ್ನೂ ಬಿಡಲಿಲ್ಲ.