ಮೈಯೊಳಗಿನ ಬಲೆ

ಕಾರ್ಕಳದ ಗೊಮ್ಮಟನನ್ನು ನೀವು ನೋಡಿರುವಿರಷ್ಟೆ? 1432ರಲ್ಲಿ ನಿಲ್ಲಿಸಿದ 42 ಅಡಿಯ ಆ ಮೂರ್ತಿ ಒಂದೇ ಕಲ್ಲಿನದು. ಅದಕ್ಕೆ ಬೆಸುಗೆ ಬೇಕಾಗಲಿಲ್ಲ. ನಮ್ಮ ಮೈ ಹಾಗಲ್ಲ. ಅದು ಕಣ್ಣಿಗೆ ಕಾಣದ ಕೋಟ್ಯನುಕೋಟಿ ಜೀವಕೋಶಗಳ ಕೂಟ. ಹಾಗಿದ್ದೂ ಉಜ್ಜಿ ಮಿಂದರೆ ಚರ್ಮ ಕಿತ್ತು ಬರುವುದಿಲ್ಲ. ಏಕೆ?

ಉತ್ತರ ಬೇಕಾದರೆ ಕಾಪುವಿನ ಕಡಲತಡಿಯನ್ನು ನೆನೆಯಿರಿ. ಮೊಗವೀರರು ಕೈರಂಪಣಿ ಬಲೆಯನ್ನು ಎಳೆಯುವಾಗ ಭಾರವೆಲ್ಲ ಒಂದೇ ನೂಲಿನ ಮೇಲೆ ಬೀಳದು. ಗಂಟಿನಿಂದ ಗಂಟಿಗೆ ಹಂಚಿಹೋಗುತ್ತದೆ. ಚರ್ಮದ ಕೋಶದೊಳಗೂ ಕೆರಾಟಿನ್ ಎಂಬ ನೂಲಿನ ಜಾಲವುಂಟು. ಅದರ ಎಳೆಗಳು ಕೋಶದ ಅಂಚಿಗೆ ಬಂದು, ‘ಡೆಸ್ಮೊಸೋಮ್’ ಎಂಬ ಗಂಟಿನ ಮೂಲಕ ನೆರೆಯ ಕೋಶದ ಜಾಲದೊಡನೆ ಕೂಡಿಕೊಳ್ಳುತ್ತವೆ. ಗ್ರೀಕ್ ನುಡಿಯಲ್ಲಿ ‘ಡೆಸ್ಮೋಸ್’ ಎಂದರೆ ಕಟ್ಟು.

ಈ ಗಂಟು ಸಡಿಲಿದರೆ? ಪೆಂಫಿಗಸ್ ಎಂಬ ಬೇನೆಯಲ್ಲಿ, ಮೈಯ ಕಾವಲಿಗಿರುವ ಪ್ರತಿಕಾಯಗಳೇ ಗಂಟನ್ನು ಹಗೆಯೆಂದು ಬಗೆದು ಸಡಿಲಿಸುತ್ತವೆ. ಕೋಶಗಳು ಅಗಲಿ, ನಡುವೆ ನೀರು ತುಂಬಿ ಗುಳ್ಳೆಗಳೇಳುತ್ತವೆ. ಹಲವರಿಗೆ ಮೊದಲು ಬಾಯಿಹುಣ್ಣಾಗುತ್ತದೆ. ಅಂಟುಜಾಡ್ಯವೆಂದು ನೆರೆಹೊರೆಯವರು ದೂರ ಸರಿಯುವುದುಂಟು. ಇದು ಅಂಟುವುದಿಲ್ಲ, ಶಾಪವೂ ಅಲ್ಲ. 1950ರ ದಶಕದಲ್ಲಿ ಸ್ಟೀರಾಯ್ಡ್ ಔಷಧಗಳು ಬಳಕೆಗೆ ಬರುವ ಮುನ್ನ ಬಹುಮಟ್ಟಿಗೆ ಮಾರಕವಾಗಿದ್ದ ಈ ಬೇನೆ ಈಗ ಹತೋಟಿಗೆ ಬರುತ್ತದೆ.

ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಮೈಮೇಲೆ ಗುಳ್ಳೆಗಳೆದ್ದು ಒಡೆಯುತ್ತಿದ್ದರೆ, ಉಡುಪಿಯಲ್ಲಾಗಲಿ ಮಣಿಪಾಲದಲ್ಲಾಗಲಿ ಚರ್ಮರೋಗದ ವೈದ್ಯರಿಗೆ ತಡಮಾಡದೆ ತೋರಿಸಿ. ರೋಗಿಯ ಪಕ್ಕದಲ್ಲಿ ಕುಳಿತು ಉಣ್ಣಲು ಮಾತ್ರ ಹಿಂಜರಿಯಬೇಡಿ.